ಕ್ರೋಟನ್ ಗಿಡದ ಕೆಂಪು

ನಮ್ಮ ಊರುಗಳ ಮನೆಯಂಗಳಕ್ಕೂ ಶಾಲೆಯ ಕೈತೋಟಕ್ಕೂ ಇಷ್ಟೊಂದು ಒಗ್ಗಿಹೋಗಿರುವ ಕ್ರೋಟನ್ ಗಿಡವನ್ನು ಪರದೇಶದ್ದೆಂದು ಯಾರೂ ಭಾವಿಸಲಾರರು. ಆದರೆ ಅದರ ತವರು, ಮೊಲುಕ್ಕಾ ದ್ವೀಪಗಳಿಂದ ನ್ಯೂಗಿನಿಯನ್ನು ಹಾಯ್ದು ಪೆಸಿಫಿಕ್ ಸಾಗರದ ಪಶ್ಚಿಮ ದ್ವೀಪಗಳವರೆಗೆ ಹಬ್ಬಿರುವ, ಬಿಸಿಲೂ ಮಳೆಯೂ ಸಮೃದ್ಧವಾಗಿರುವ ಸೀಮೆ. ಅಲ್ಲಿಯ ಜನರು ಅದನ್ನು ಬೇಲಿಗಳಲ್ಲಿಯೂ ಸಮಾಧಿಗಳ ಸಮೀಪದಲ್ಲಿಯೂ ನೆಟ್ಟು ಬೆಳೆಸುತ್ತ ಬಂದವರು. ಅದರ ವೃತ್ತಾಂತವನ್ನು ಪಾಶ್ಚಾತ್ಯ ವಿದ್ವಲ್ಲೋಕಕ್ಕೆ ತಿಳಿಸಿದವನು, ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆಂದು ಬಂದು ಅಂಬೋನ್ ದ್ವೀಪದಲ್ಲಿಯೇ ಬಾಳನ್ನು ಸವೆಸಿದ ರುಂಫಿಯಸ್ ಎಂಬ ಜರ್ಮನ್ ಪಂಡಿತ. 1670ರಲ್ಲಿ ಅವನ ದೃಷ್ಟಿ ಹೋಯಿತು. 1674ರ ಭೂಕಂಪದಲ್ಲಿ ಹೆಂಡತಿಯೂ ಮಗಳೊಬ್ಬಳೂ ಮಡಿದರು. 1687ರ ಬೆಂಕಿಯಲ್ಲಿ ಅವನು ಸಿದ್ಧಪಡಿಸುತ್ತಿದ್ದ ಸಸ್ಯಗ್ರಂಥದ ಚಿತ್ರಗಳು ಸುಟ್ಟುಹೋದವು. ಇಷ್ಟಾದರೂ ಎದೆಗುಂದದೆ ಹೇಳಿ ಬರೆಯಿಸಿ ಮುಗಿಸಿದ ಆ ಸಸ್ಯಗ್ರಂಥವು, ಅವನು 1702ರಲ್ಲಿ ಕಾಲವಾದ ಎಷ್ಟೋ ವರ್ಷಗಳ ತರುವಾಯ, 1741ರಿಂದ ಆಮ್‌ಸ್ಟರ್‌ಡಾಮ್ ನಗರದಲ್ಲಿ ಮುದ್ರಣಗೊಳ್ಳತೊಡಗಿತು. ಇಂಥ ವರ್ಣಮಯವಾದ ಎಲೆಯ ವಾರ್ತೆ ಯುರೋಪಿಗೆ ಅಂಧನೊಬ್ಬನ ಗ್ರಂಥದಿಂದ ಮುಟ್ಟಿತೆಂಬುದು ವಿಧಿಯ ವೈಚಿತ್ರ್ಯವೇ ಸರಿ.

ವಾರ್ತೆ ಮುಟ್ಟಿದಷ್ಟು ಸುಲಭವಾಗಿ ಗಿಡವು ಮುಟ್ಟಲಿಲ್ಲ. ತಿಂಗಳುಗಟ್ಟಲೆಯ ಸಮುದ್ರಯಾನದಲ್ಲಿ ಉಪ್ಪುಗಾಳಿಗೂ ನೀರಿನ ಅಭಾವಕ್ಕೂ ಸಿಕ್ಕಿ ಸಸಿಗಳು ಸಾಯುತ್ತಿದ್ದ ಆ ಕಾಲದಲ್ಲಿ, ಲಂಡನ್ನಿನ ವೈದ್ಯನಾದ ನಥಾನಿಯಲ್ ವಾರ್ಡನು ಮುಚ್ಚಿದ ಸೀಸೆಯೊಂದರೊಳಗೆ ಜರೀಗಿಡವು ತಾನಾಗಿ ಮೊಳೆತುದನ್ನು 1829ರಲ್ಲಿ ಕಂಡು, ಗಾಜಿನ ಮುಚ್ಚಳದ ಪೆಟ್ಟಿಗೆಗಳನ್ನು ಮಾಡಿಸಿ, 1833ರಲ್ಲಿ ಅವುಗಳಲ್ಲಿ ಗಿಡಗಳನ್ನಿಟ್ಟು ಸಿಡ್ನಿಗೆ ಸುರಕ್ಷಿತವಾಗಿ ಕಳುಹಿಸಿದನು. 1845ರಲ್ಲಿ ಬ್ರಿಟನ್ ಸರ್ಕಾರವು ಗಾಜಿನ ಮೇಲಣ ಸುಂಕವನ್ನು ತೆಗೆದುಹಾಕಿದ ಮೇಲೆ, ಅದುವರೆಗೆ ಪ್ರಭುಗಳ ವೈಭವವಾಗಿದ್ದ ಗಾಜಿನ ಮನೆಯು ವರ್ತಕರ ಹಿತ್ತಲಿಗೂ ಇಳಿಯಿತು. ಚೆಲ್ಸಿಯ ಪ್ರಖ್ಯಾತ ಸಸ್ಯವರ್ತಕರ ಮನೆತನಕ್ಕೆ ಸೇರಿದ ಜಾನ್ ಗೌಲ್ಡ್ ವೀಚ್ ಎಂಬ ತರುಣನು 1864ರಲ್ಲಿ ಆಸ್ಟ್ರೇಲಿಯಕ್ಕೂ ದಕ್ಷಿಣ ಸಮುದ್ರದ ದ್ವೀಪಗಳಿಗೂ ಹೊರಟು, ಬಗೆಬಗೆಯ ಕ್ರೋಟನ್ನುಗಳನ್ನು ತಂದು ಲಂಡನ್ನಿನ ರಸಿಕರಿಗೆ ಹುಚ್ಚು ಹಿಡಿಸಿದನು. ಹೂವಿಗಿಂತ ಎಲೆಯೇ ಮಿಗಿಲೆಂಬ ಅಭಿರುಚಿ ಆಗ ನಾಡನ್ನೆಲ್ಲ ವ್ಯಾಪಿಸಿತ್ತು. ಪಾಪ, ವೀಚನು ಮೂವತ್ತೊಂದನೆಯ ವಯಸ್ಸಿನಲ್ಲಿಯೇ ಕ್ಷಯರೋಗದಿಂದ ತೀರಿಕೊಂಡನು.

ಕೆಂಪಿನ ಕಷ್ಟ ಮೊದಲಾದುದು ಗಾಜಿನ ಮನೆಯಿಂದ ದಿವಾನಖಾನೆಗೆ ಗಿಡವು ಬಂದಾಗ. ಲಂಡನ್ನಿನ ಮಾಗಿಯಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಅದರ ಮೇಲೆ ಕಲ್ಲಿದ್ದಲಿನ ಹೊಗೆ. ಕಿಟಕಿಗೆ ದಪ್ಪನೆಯ ಪರದೆ. ನುರಿತ ತೋಟಗಾರರು ಬಣ್ಣದ ಎಲೆಯ ಗಿಡಗಳನ್ನು ಗಾಜಿಗೆ ಆದಷ್ಟು ಸಮೀಪದಲ್ಲಿ ಇರಿಸುತ್ತಿದ್ದರು. ಗೃಹಿಣಿಯರಾದರೋ ಕೋಣೆಯ ಅಲಂಕಾರವನ್ನು ನೋಡಿ ಇರಿಸಿದರು; ಬೆಳಕು ಸಾಲದೆ ಗಿಡದ ಕೆಂಪು ಮಾಸಿ ಹಸುರಾಯಿತು. ಅಂಥ ಮಬ್ಬಿನಲ್ಲಿಯೂ ಗ್ಯಾಸ್ ದೀಪದ ದುರ್ವಾಯುವಿನಲ್ಲಿಯೂ ಬದುಕಬಲ್ಲ ಆಸ್ಪಿಡಿಸ್ಟ್ರ ಎಂಬ ಹಸುರು ಗಿಡವು ಆಂಗ್ಲರ ಮನೆಗಳನ್ನು ಗೆದ್ದುಕೊಂಡುದು ಆಶ್ಚರ್ಯವಲ್ಲ.

ಈ ಬಣ್ಣಗೇಡಿನ ಮರ್ಮವನ್ನು ವಿಜ್ಞಾನವು ಮೆಲ್ಲಮೆಲ್ಲನೆ ಬಿಡಿಸಿತು. ಎಲೆಗೂ ಹೂವಿಗೂ ಕೆಂಪು ನೀಲಿಗಳನ್ನು ಕೊಡುವ ದ್ರವ್ಯಕ್ಕೆ 1835ರಲ್ಲಿ ಜರ್ಮನಿಯ ಮಾರ್ಕ್ವಾರ್ಟನು ಇಟ್ಟ ಹೆಸರಿನಿಂದಲೇ ಇಂದು ಅದನ್ನು ಆಂಥೊಸಯನಿನ್ ಎನ್ನುತ್ತೇವೆ; ಅದರ ರಾಸಾಯನಿಕ ಸ್ವರೂಪವನ್ನು ಶೋಧಿಸಿದವರಲ್ಲಿ ಅಗ್ರಗಣ್ಯನಾದ ರಿಚರ್ಡ್ ವಿಲ್‌ಸ್ಟೆಟರನಿಗೆ ಸಸ್ಯವರ್ಣಗಳ ಸಂಶೋಧನೆಗಾಗಿ, ಅದರಲ್ಲಿಯೂ ಪತ್ರಹರಿತ್ತಿನ ಸಂಶೋಧನೆಗಾಗಿ, 1915ರ ನೊಬೆಲ್ ಪಾರಿತೋಷಕವು ದೊರೆಯಿತು. ಈ ಕೆಂಪು ಗಿಡದ ಆಸ್ತಿಯಲ್ಲ, ದಿನಗೂಲಿ. ಪ್ರಖರವಾದ ಬೆಳಕು ಬಿದ್ದಾಗ ಎಲೆಯು ಮಿಗುವ ಸಕ್ಕರೆಯಿಂದ ಅದನ್ನು ತನ್ನ ಕೋಶಗಳಲ್ಲಿ ತಯಾರಿಸುತ್ತದೆ. ಅತಿಯಾದ ಬೆಳಕಿನಿಂದ ಒಳಗಿನ ಪತ್ರಹರಿತ್ತು ಕೆಡದಂತೆ ಅದು ಮರೆಯಾಗಿ ನಿಲ್ಲುತ್ತದೆ. ನೆರಳಿನಲ್ಲಿ ಮಿಗಿಸುವುದಕ್ಕೆ ಸಕ್ಕರೆಯೂ ಇಲ್ಲ, ಮರೆಯ ಆವಶ್ಯಕತೆಯೂ ಇಲ್ಲ. ಆದುದರಿಂದ ಗಿಡವು ಕೆಂಪಿನ ತಯಾರಿಕೆಯನ್ನು ತಗ್ಗಿಸಿ, ಇರುವ ಅಲ್ಪ ಬೆಳಕನ್ನು ಹಿಡಿಯಲೆಂದು ಹಸುರನ್ನು ಹೆಚ್ಚಿಸಿಕೊಳ್ಳುತ್ತದೆ. ಸಾರಜನಕದ ಗೊಬ್ಬರವನ್ನು ಅತಿಯಾಗಿ ಹಾಕಿದರೂ ಹಸುರೇ ಮೇಲುಗೈಯಾಗುತ್ತದೆ. ಕೆಲವು ಜಾತಿಗಳಲ್ಲಿ ಪೂರಾ ಹಸುರಾದ ಕವಲೊಂದು ಹೊರಟು ಮಿಕ್ಕವನ್ನು ಮೀರಿ ಬೆಳೆಯುವುದುಂಟು; ಅದನ್ನು ಬುಡಕ್ಕೇ ಕತ್ತರಿಸಬೇಕು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನಮ್ಮ ಮಾವಿನ ಚಿಗುರು ತಾಮ್ರವರ್ಣದಿಂದ ಹುಟ್ಟಿ ಬಲಿತಂತೆ ಹಸುರಾಗುತ್ತದೆ. ಅದು ಎಲೆಯ ಸಹಜವಾದ ವಯೋಧರ್ಮ. ಕ್ರೋಟನ್ನಿನ ಅನೇಕ ತಳಿಗಳಲ್ಲಾದರೋ ಕ್ರಮವು ತಿರುಗುಮುರುಗು: ಎಳೆಯ ಎಲೆ ಹಸುರು ಹಳದಿಗಳಿಂದ ಮೊದಲಾಗಿ, ಬಿಸಿಲುಂಡು ಪ್ರಾಯಕ್ಕೆ ಬಂದಂತೆ ಕೆಂಪೇರುತ್ತದೆ. ಒಳಮನೆಯ ಕ್ರೋಟನ್ನಿನಲ್ಲಿ ಹೊಸ ಎಲೆಗಳು ಕೆಂಪೇರದೆ ಹಸುರಾಗಿಯೇ ಬಲಿಯುತ್ತವೆ, ಕೆಂಪಾಗಿದ್ದ ಹಳೆಯವು ಒಂದೊಂದಾಗಿ ಉದುರುತ್ತವೆ. ನೋಡುವವರು ಗಿಡಕ್ಕೆ ರೋಗ ತಗುಲಿತೆಂದು ಔಷಧವನ್ನು ಹುಡುಕುತ್ತಾರೆ.

ಲಂಡನ್ನಿನ ಸ್ಫಟಿಕಭವನದ ಮಾದರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರವಾಯಿತು. ಆದರೆ ಅದು ಪ್ರದರ್ಶನಕ್ಕಾಗಿಯೇ ಹೊರತು ಗಿಡಗಳನ್ನು ಚಳಿಯಿಂದ ಕಾಯುವುದಕ್ಕಲ್ಲ. ಡಿಸೆಂಬರಿನಲ್ಲಿಯೂ ಹನ್ನೊಂದು ಗಂಟೆಗೆ ಮೀರಿದ ಹಗಲು ಇರುವ ಈ ನಾಡಿನಲ್ಲಿ, ಅಂಗಳವನ್ನು ಬರಿದಾಗಿ ಬಿಟ್ಟು ಕ್ರೋಟನ್ನನ್ನು ಸೋಫಾದ ಹಿಂದೆ ಕೂಡಿಹಾಕುವ ಪದ್ಧತಿಯನ್ನು ನಾವು ಆಂಗ್ಲರಿಂದ ಕಲಿತುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಗಿಡವು ಬಣ್ಣಗೆಟ್ಟಿದ್ದರೆ ಅದನ್ನು ಹೊರಗೆ ತನ್ನಿರಿ. ಆದರೆ ಒಮ್ಮೆಗೇ ನಡುಹಗಲಿನ ಉರಿಗೆ ಇಡಬೇಡಿರಿ, ನೆರಳಿಗೆ ಒಗ್ಗಿದ ಎಲೆ ಸುಟ್ಟೀತು. ಬೆಳಗಿನ ಎಳೆಬಿಸಿಲಿನಿಂದ ಮೊದಲುಮಾಡಿ ಕ್ರಮಕ್ರಮವಾಗಿ ರೂಢಿಮಾಡಿಸಿರಿ, ಹಳೆಯ ಎಲೆಗಳಿಂದ ಹೆಚ್ಚಿನದನ್ನು ಬಯಸದೆ ಹೊಸವು ಬಲಿಯುವವರೆಗೂ ಕಾಯಿರಿ.