ಮೂರು ರಾಜ್ಯಗಳ ಅಂಜೂರ

ಹೈದರಾಬಾದಿನಲ್ಲಿ ಹೊಸ ಮನೆ ಕಟ್ಟಿಸಿದ ನಮ್ಮ ಕನ್ನಡದ ಬಳಗದವರು ಅಂಗಳಕ್ಕೋ ಮಾಳಿಗೆಗೋ ಒಂದು ಅಂಜೂರದ ಗಿಡ ಹಚ್ಚಬೇಕೆಂದಾಗ ನನ್ನನ್ನು ಕೇಳುವುದುಂಟು: ಯಾವ ತಳಿ ಹಚ್ಚೋಣ? ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ದಖ್ಖನದ ಹಳೆಯ ಅಂಜೂರಗಳೆಲ್ಲ ತಾವು ಬೆಳೆದ ಊರಿನಿಂದಲೇ ಗುರುತಿಸಿಕೊಂಡಿವೆ. ಪುಣೆ, ದೌಲತಾಬಾದ್, ಗಂಜಾಂ, ಬಳ್ಳಾರಿ. ಗಿಡ ಆರಿಸುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ಊರನ್ನು ಆರಿಸಿಕೊಳ್ಳುತ್ತಾರೆ. ಆ ಊರಿನ ಮಳೆ, ಮಣ್ಣು, ಅಲ್ಲಿ ಆಳಿದವರ ಕಥೆ ಎಲ್ಲ ಆ ಗಿಡದ ಜೊತೆಗೇ ಬರುತ್ತವೆ.

ಇದು ಬರೀ ಅಭಿಮಾನದ ಮಾತಲ್ಲ. ಅಂಜೂರವನ್ನು ಯಾರೂ ಬೀಜದಿಂದ ಬೆಳೆಸುವುದಿಲ್ಲ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಗೇಣುದ್ದದ ಕಡ್ಡಿ ಕೊಯ್ದು ಊರುತ್ತಾರೆ. ಆ ಕಡ್ಡಿಯಿಂದ ಬಂದ ಗಿಡ ತಾಯಿಮರದ ಮಗುವಲ್ಲ, ಅದೇ ಮರ. ಅದರಿಂದ ಮತ್ತೊಂದು ಕಡ್ಡಿ, ಮತ್ತೊಂದು ಅಂಗಳ. ಇಂದು ಬಳ್ಳಾರಿ ಅಂಜೂರ ಎಂದು ನಾವು ಹಚ್ಚುವ ಗಿಡ, ಯಾವುದೋ ಕಾಲದಲ್ಲಿ ಯಾರೋ ರೈತ ಹಣ್ಣು ತಿಂದು ಮೆಚ್ಚಿ ಕಡ್ಡಿ ಕೊಯ್ದ ಆ ಒಂದು ಮರದ್ದೇ ಜೀವ. ರಾಜರು ಸತ್ತರು, ಗಡಿ ಬದಲಾದವು, ಕೈಯಿಂದ ಕೈಗೆ ದಾಟಿದ ಕಡ್ಡಿ ಮಾತ್ರ ಉಳಿಯಿತು.

ಹದಿನೆಂಟನೇ ಶತಮಾನದ ಕೊನೆಯ ದಖ್ಖನದ ನಕಾಶೆಯನ್ನು ಎದುರಿಗಿಟ್ಟುಕೊಳ್ಳಿ. ಪುಣೆಯಲ್ಲಿ ಪೇಶ್ವೆ, ಹೈದರಾಬಾದಿನಲ್ಲಿ ನಿಜಾಮ, ಶ್ರೀರಂಗಪಟ್ಟಣದಲ್ಲಿ ಟಿಪ್ಪು. ಒಬ್ಬರಿಗೊಬ್ಬರು ಬಗ್ಗದ ಈ ಮೂರೂ ರಾಜ್ಯಗಳ ನೆಲದಲ್ಲಿ ಒಂದೊಂದು ಅಂಜೂರಕ್ಕೆ ಹೆಸರು ಬಂದಿದೆ. ಪುಣೆಯ ಪಕ್ಕದ ಸಾಸ್ವಡ, ಪುರಂದರದ ಗುಡ್ಡಗಳಲ್ಲಿ ಇಂದಿಗೂ ಅಂಜೂರದ ತೋಟಗಳಿವೆ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ದೌಲತಾಬಾದ್ ನಿಜಾಮರದು. ಗಂಜಾಂ ಎಂಬುದು ಶ್ರೀರಂಗಪಟ್ಟಣದ ದ್ವೀಪದ ಮೂಡಣ ತುದಿಯ ಪೇಟೆ. ಅಲ್ಲಿ ಜನ ತುಂಬಿಸಲು ಟಿಪ್ಪು ಸಿರಾದಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ತಂದ. ಆ ಪೇಟೆಯಾಚೆಗೆ ಅವನ ಲಾಲ್‌ಬಾಗ್ ಇತ್ತು. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸನ ಸೈನ್ಯ ಆ ತೋಟದಲ್ಲೇ ಬೀಡುಬಿಟ್ಟಿತು. ಮರಾಠರ ದಂಡೂ ನಿಜಾಮರ ದಂಡೂ ಅವನ ಜೊತೆಗಿದ್ದವು. ಕೋಟೆಯ ಮುತ್ತಿಗೆಗೆ ಬೇಕಾದ ಕಟ್ಟಿಗೆಯ ಕಟ್ಟುಗಳಿಗಾಗಿ ಲಾಲ್‌ಬಾಗಿನ ಮರಗಳನ್ನು, ಸಾಲುಸಾಲು ಸೈಪ್ರೆಸ್‌ಗಳನ್ನೂ ಬಿಡದೆ, ಕಡಿದು ಹಾಕಿದರು. ಮೂರು ಅಂಜೂರಗಳ ನಾಡಿನವರು ಒಂದು ತೋಟದಲ್ಲಿ ಎದುರುಬದುರಾದ ಆ ದಿನಗಳನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತೋಟ ಬೆಳೆಸಲು ಬೇಕಾದ ವರ್ಷಗಳೆಷ್ಟು, ಕಡಿಯಲು ಬೇಕಾದ ದಿನಗಳೆಷ್ಟು!

ಬಳ್ಳಾರಿಯ ಕಥೆ ಈ ಮೂರರ ನಡುವಿನದು. ಆ ಯುದ್ಧದಲ್ಲೂ 1799ರ ಯುದ್ಧದಲ್ಲೂ ಟಿಪ್ಪುವಿನಿಂದ ಕಿತ್ತುಕೊಂಡ ಸೀಮೆ ನಿಜಾಮರ ಪಾಲಿಗೆ ಬಂತು. 1800ರಲ್ಲಿ ಅವರು ಅದನ್ನು ಕಂಪನಿಗೆ ಬಿಟ್ಟುಕೊಟ್ಟರು. ದತ್ತಮಂಡಲ ಎಂದು ನಮ್ಮವರು ಕರೆದದ್ದು ಅದನ್ನೇ. ಮುಂದೆ ಮದರಾಸಿನವರ ಕೈಲಿದ್ದು, 1953ರಲ್ಲಿ ಮೈಸೂರಿಗೆ ಸೇರಿತು. ಇಷ್ಟೆಲ್ಲ ಕೈ ಬದಲಾದರೂ ಬಳ್ಳಾರಿಯ ಬಿಸಿಲು ಮಾತ್ರ ಬದಲಾಗಲಿಲ್ಲ. ಅಂಜೂರಕ್ಕೆ ಬೇಕಾದದ್ದೂ ಅದೇ: ಒಣ ಹವೆ, ಬಿರುಬಿಸಿಲು, ಹಣ್ಣಾಗುವ ಹೊತ್ತಿಗೆ ಮಳೆಯ ಹನಿ ಬೀಳದ ಆಕಾಶ.

ಈಗ ನನ್ನ ಊರು ಹೈದರಾಬಾದಿಗೆ ಬರುತ್ತೇನೆ. ನಾನು ಹುಟ್ಟಿದ್ದು ರಾಯಚೂರಿನಲ್ಲಿ, ಬೆಳೆದದ್ದು ಕಾಚಿಗುಡದಲ್ಲಿ, ಓದಿದ್ದು ಅಲ್ಲಿಯ ನೃಪತುಂಗ ಶಾಲೆಯಲ್ಲಿ. ರಾಯಚೂರು, ಗುಲ್ಬರ್ಗ, ಬೀದರ್ ಮೂರೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ದೌಲತಾಬಾದ್, ಔರಂಗಾಬಾದ್ ಕೂಡ. 1763ರಲ್ಲಿ ನಿಜಾಮ್ ಅಲಿ ರಾಜಧಾನಿಯನ್ನು ಔರಂಗಾಬಾದಿನಿಂದ ಇಲ್ಲಿಗೆ ತಂದ. ಅಂದರೆ ಅಂಜೂರದ ಸೀಮೆಯಿಂದ ಅಂಜೂರ ತಿನ್ನುವವರು ಇಲ್ಲಿಗೆ ಬಂದರು, ಹಣ್ಣು ಅಲ್ಲೇ ಉಳಿಯಿತು.

ಹಣ್ಣು ಅಲ್ಲೇ ಉಳಿದದ್ದಕ್ಕೆ ಕಾರಣ ಹಣ್ಣಿನ ಗುಣ. ಮಾವು, ಬಾಳೆಯನ್ನು ಕಾಯಿದ್ದಾಗಲೇ ಕೊಯ್ದು ಹುಲ್ಲಿನಲ್ಲಿಟ್ಟು ಹಣ್ಣು ಮಾಡಬಹುದು. ಅಂಜೂರ ಹಾಗಲ್ಲ, ಕಾಯಾಗಿ ಕೊಯ್ದರೆ ಬರೀ ಹಾಲು, ಎಷ್ಟು ದಿನ ಇಟ್ಟರೂ ಸಿಹಿ ಬಾರದು. ಗಿಡದಲ್ಲೇ ಹಣ್ಣಾಗಬೇಕು, ಹಣ್ಣಾದ ಮೇಲೆ ಒಂದೆರಡು ದಿನದಲ್ಲಿ ತಿಂದು ಮುಗಿಸಬೇಕು. 1900ರ ಹೊತ್ತಿಗೆ ಔರಂಗಾಬಾದ್ ಮೇಲೆ ಮನಮಾಡಿಗೆ ಹೋಗುವ ಮೀಟರ್ ಗೇಜ್ ರೈಲುಹಾದಿ ಆಯಿತು. ಆದರೂ ಅಂಜೂರದ ಆಯುಷ್ಯ ಅಷ್ಟೇ. ತಾಜಾ ಹಣ್ಣು ತಿನ್ನಬೇಕೆಂದರೆ ಮನೆಯಲ್ಲೇ ಮರ ಇರಬೇಕು. ಹಳೆಯ ಶಹರಿನ ದೇವಡಿಗಳ, ಅಂದರೆ ಸಿರಿವಂತರ ದೊಡ್ಡ ಮನೆಗಳ, ಅಂಗಳದಲ್ಲಿ ಬಾವಿಯ ಪಕ್ಕಕ್ಕೆ ದಾಳಿಂಬೆ, ಸೀತಾಫಲದ ಜೊತೆ ಒಂದು ಅಂಜೂರವನ್ನು ಹಚ್ಚುತ್ತಿದ್ದದ್ದು ಅದಕ್ಕೇ. ಬಾವಿಕಟ್ಟೆಯಿಂದ ಹರಿದ ನೀರು ಸಾಕು, ಗೋಡೆಯ ಕಾವು ಗಿಡಕ್ಕೆ ಹಿತ, ಹಣ್ಣು ಕಣ್ಣೆದುರಿಗೇ.

ಮಾಳಿಗೆಯ ಮೇಲೆ ಗಿಡ ಬೆಳೆಸುವುದು ಈಚಿನ ಶೋಕಿ ಎಂದು ಹಲವರು ತಿಳಿದಿದ್ದಾರೆ. ಹದಿನೇಳನೇ ಶತಮಾನದ ನಡುವೆ ಗೋಲ್ಕೊಂಡಕ್ಕೆ ಬಂದ ವಜ್ರದ ವ್ಯಾಪಾರಿ ತಾವೆರ್ನಿಯೇ ಕುತುಬ್‌ಶಾಹಿಗಳ ಅರಮನೆಯ ಮಾಳಿಗೆಗಳ ಮೇಲಿನ ತೋಟಗಳನ್ನು ಕಂಡು, ಇಷ್ಟು ದೊಡ್ಡ ಮರಗಳ ಭಾರವನ್ನು ಕೆಳಗಿನ ಕಮಾನುಗಳು ಹೇಗೆ ಹೊತ್ತಿವೆ ಎಂದು ಬೆರಗಾಗಿ ಬರೆದಿದ್ದಾನೆ. ಈ ನಗರ ಹುಟ್ಟಿದ್ದೇ ತೋಟಗಳ ನಡುವೆ. ಜಾಮ್‌ಬಾಗ್, ಬಶೀರ್‌ಬಾಗ್, ರಾಮ್‌ಬಾಗ್, ಬಾಗ್ ಲಿಂಗಂಪಲ್ಲಿ: ಬಸ್ಸಿನ ಬೋರ್ಡಿನ ಮೇಲೆ ಬಾಗುಗಳು ಉಳಿದಿವೆ, ನೆಲದ ಮೇಲೆ ಇಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ದಂಡೆಯ ಮನೆ, ತೋಟಗಳನ್ನು ಕೊಚ್ಚಿಕೊಂಡು ಹೋಯಿತು. ಅಲ್ಲಿಂದೀಚೆಗೆ ಹೋದದ್ದೆಲ್ಲ ನಮ್ಮ ಕೈಯಿಂದಲೇ ಹೋದದ್ದು.

ತಾಜಾ ಹಣ್ಣು ಸಿಗದವರಿಗೆ ಒಣಗಿದ್ದು ಇತ್ತು. ಬೇಗಂಬಜಾರಿನ ಮೇವಾ ಅಂಗಡಿಗಳಲ್ಲಿ ದಾರಕ್ಕೆ ಪೋಣಿಸಿ ಹಾರ ಮಾಡಿದ ಅಫ್ಘಾನಿ ಅಂಜೂರ ಇಂದಿಗೂ ತೂಗುತ್ತದೆ. ಬಾಣಂತಿಗೆ, ಬಸುರಿಗೆ, ಹೊಟ್ಟೆ ಕಟ್ಟಿದ ಮುದುಕರಿಗೆ ರಾತ್ರಿ ನೀರಲ್ಲಿ ನೆನೆಹಾಕಿ ಬೆಳಗ್ಗೆ ಕೊಡುವುದು ನಮ್ಮ ಮನೆಯಲ್ಲೂ ಇತ್ತು. ಆ ಬೀಜ ಹಾಕಿದರೆ ಗಿಡ ಬರುವುದಿಲ್ಲವೇ ಎಂದು ಕೇಳುವವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಅಂಜೂರದ ಹೂವು ಹಣ್ಣಿನ ಒಳಗೇ ಅಡಗಿರುತ್ತದೆ. ಒಣಗಿಸುವ ಸ್ಮಿರ್ನಾ ಜಾತಿಯ ಹಣ್ಣು ಕಟ್ಟಬೇಕೆಂದರೆ ಗಂಡು ಅಂಜೂರದಿಂದ ಒಂದು ಸಣ್ಣ ಕಣಜ ಪರಾಗ ಹೊತ್ತು ಒಳಗೆ ನುಗ್ಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದವರು 1880ರ ದಶಕದಲ್ಲಿ ಸ್ಮಿರ್ನಾದ ಕಡ್ಡಿಗಳನ್ನು ತರಿಸಿ ಹಚ್ಚಿದರು. ಮರ ಬೆಳೆದವು, ಕಾಯೆಲ್ಲ ಬಲಿಯುವ ಮೊದಲೇ ಉದುರಿದವು. 1899ರಲ್ಲಿ ಕಣಜವನ್ನೂ ತಂದು ನೆಲೆಗೊಳಿಸಿದ ಮೇಲೆಯೇ ಅವರಿಗೆ ಹಣ್ಣು ಸಿಕ್ಕಿದ್ದು. ಒಣ ಹಣ್ಣಿನ ಬೀಜದಿಂದ ಮೊಳೆತ ಗಿಡಗಳಲ್ಲಿ ಅರ್ಧದಷ್ಟು ತಿನ್ನಲು ಬಾರದ ಗಂಡು. ಉಳಿದವುಗಳಲ್ಲೂ ಬಹಳಷ್ಟು ಆ ಕಣಜವನ್ನೇ ಕಾಯುತ್ತ ಕೂರುತ್ತವೆ. ನಮ್ಮ ಪುಣೆ, ಬಳ್ಳಾರಿ, ದೌಲತಾಬಾದ್, ಗಂಜಾಂ ತಳಿಗಳಿಗೆ ಈ ಕಣಜದ ಹಂಗಿಲ್ಲ. ಒಂದೇ ಗಿಡವಿದ್ದರೂ ಹಣ್ಣು ಕೊಡುತ್ತವೆ.

ನಮ್ಮ ಮನೆಗೆ ಬಳ್ಳಾರಿಯ ಕಡ್ಡಿ ತಂದವರು ಸೋದರಮಾವ. ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಕಟ್ಟನ್ನು ಬಗಲಲ್ಲಿ ಹಿಡಿದು ಕಾಚಿಗುಡದ ಸ್ಟೇಷನ್ನಿನಲ್ಲಿ ಇಳಿದಿದ್ದರು. ಪೆನ್ಸಿಲ್ ಗಾತ್ರದ, ನಾಲ್ಕೈದು ಗಿಣ್ಣಿನ ಕಡ್ಡಿಗಳು. ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಒಸರುವ ಹಾಲು ಆರುವವರೆಗೆ ನೆರಳಲ್ಲಿಟ್ಟು, ಎರಡು ಗಿಣ್ಣು ಮಣ್ಣೊಳಗೆ, ಉಳಿದದ್ದು ಮೇಲೆ ಎಂದು ತೋರಿಸಿದರು. "ತಲಿಕೆಳಗ ಮಾಡಬ್ಯಾಡವ್ವಾ, ಕಣ್ಣು ಮ್ಯಾಲಕ್ಕ ನೋಡ್ತಿರಬೇಕು" ಎಂದು ಪ್ರತಿ ಕಡ್ಡಿಯ ಮೊಗ್ಗನ್ನು ಬೆರಳಿನಿಂದ ಮುಟ್ಟಿಸಿದರು. ಅವ್ವ ಪಕ್ಕದಲ್ಲಿ ನಿಂತು, "ಅಣ್ಣಾ, ಇದು ಈ ಊರಾಗ ಬರತದೇನು?" ಎಂದಳು. "ಬಿಸಿಲಿಗೇನು ಕಡಿಮಿ ಐತೆ ನಿಮ್ಮ ಹೈದರಾಬಾದಿನ್ಯಾಗ?" ಎಂದರು ಮಾವ.

ಬಿಸಿಲಿಗೆ ಕಡಿಮೆ ಇರಲಿಲ್ಲ, ಮಳೆ ಮಾತ್ರ ಹೆಚ್ಚಿತ್ತು. ಬಳ್ಳಾರಿಯಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯಾದರೆ ಇಲ್ಲಿ 800ರ ಆಸುಪಾಸು. ಶ್ರಾವಣ ಭಾದ್ರಪದದಲ್ಲಿ ಎಲೆಯ ಕೆಳಮೈ ತುಂಬ ಕಂದು ಪುಡಿ ಕೂರುತ್ತದೆ. ಬೆರಳಾಡಿಸಿದರೆ ಕುಂಕುಮದ ಹಾಗೆ ಅಂಟುತ್ತದೆ. ಅದು ತುಕ್ಕು ರೋಗ. ಎಲೆಯೆಲ್ಲ ಉದುರಿ, ಕಾಯಿ ಹೊತ್ತ ಬೋಳು ಕೊಂಬೆ ನಿಲ್ಲುತ್ತದೆ. ಪುಣೆಯ ರೈತರು ಇದಕ್ಕೆ ಬಹು ಹಿಂದೆಯೇ ದಾರಿ ಕಂಡುಕೊಂಡಿದ್ದರು. ಮಳೆಗಾಲದ ಫಸಲನ್ನು ಖಟ್ಟಾ ಬಹಾರ್ ಎಂದೂ ಬೇಸಿಗೆಯದನ್ನು ಮೀಠಾ ಬಹಾರ್ ಎಂದೂ ಬೇರೆ ಮಾಡಿ, ಮಳೆ ಹಿಂದೆಗೆಯುವಾಗ ಗಿಡ ಸವರಿ, ಬೇಸಿಗೆಯಲ್ಲಿ ಹಣ್ಣು ಕೊಯ್ದರು. ಹೈದರಾಬಾದಿನ ಮನೆಗಿಡಕ್ಕೂ ಇದೇ ಕ್ರಮ ಸರಿ. ದಸರೆಯ ಮುಂಚೆ ಸವರಿ, ಗೊಬ್ಬರ ಕೊಟ್ಟರೆ ಹೋಳಿಯ ಹೊತ್ತಿಗೆ ಹಣ್ಣು. ಆಗ ಕಾಯಿಯ ಕತ್ತು ಬಾಗಿ, ಸಿಪ್ಪೆ ಕೆನ್ನೇರಳೆಯಾಗಿ, ತಳದ ಕಣ್ಣಿನಲ್ಲಿ ಒಂದು ಹನಿ ಜೇನು ನಿಲ್ಲುತ್ತದೆ. ಆ ಬೆಳಗ್ಗೆಯೇ ಕೊಯ್ಯಬೇಕು. ತಡಮಾಡಿದರೆ ಬುಲ್‌ಬುಲಿ, ಅಳಿಲು ತಮ್ಮ ಪಾಲು ತೆಗೆದುಕೊಳ್ಳುತ್ತವೆ.

ಇನ್ನೊಂದು ಶತ್ರು ಮಣ್ಣಿನೊಳಗಿನದು. ಹಗುರ ಕೆಂಪು ಮಣ್ಣಿನಲ್ಲಿ ಜಂತುಹುಳು ಬೇರಿಗೆ ಗಂಟು ಕಟ್ಟಿಸಿ ಗಿಡವನ್ನು ಸೊರಗಿಸುತ್ತದೆ. ಇದಕ್ಕೆ ಉಪಾಯ ನಮ್ಮ ಹಳ್ಳದ ದಂಡೆಯಲ್ಲೇ ಇದೆ: ಅತ್ತಿಮರ. ಅತ್ತಿಯ ಬೇರು ಈ ಹುಳುವಿಗೆ ಜಗ್ಗುವುದಿಲ್ಲವಾದ್ದರಿಂದ ಅದರ ಸಸಿಯ ಮೇಲೆ ಅಂಜೂರದ ಕಸಿ ಕಟ್ಟುತ್ತಾರೆ. ಪರ್ಷಿಯಾ, ಅರಬ್ ಕಡೆಯಿಂದ ಬಂದ ಹಣ್ಣು ದತ್ತಾತ್ರೇಯನ ಮರದ ಬೇರಿನ ಮೇಲೆ ನಿಂತು ಫಲ ಕೊಡುವುದನ್ನು ನೋಡಲು ನನಗೆ ಬಹಳ ಸಂತೋಷ. ನೆಲದಲ್ಲಿ ಹಚ್ಚುವವರು ಇಂಥ ಕಸಿಗಿಡವನ್ನೇ ಕೇಳಿ ತರಬೇಕು.

ನೆಕ್ಲೆಸ್ ರಸ್ತೆಯ ನರ್ಸರಿ ಮೇಳಕ್ಕೆ ಹೋದರೆ ಈಗ ಬೇರೆಯೇ ಹೆಸರುಗಳು. ಟರ್ಕಿ ಬ್ರೌನ್, ಇಸ್ರೇಲ್ ರೆಡ್, ಡಯಾನಾ. ಇವುಗಳನ್ನು ನಾನು ತಳ್ಳಿಹಾಕುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐರಾ ಕಾಂಡಿಟ್ ಜೀವನವನ್ನೇ ಅಂಜೂರಕ್ಕೆ ಕೊಟ್ಟ ವಿದ್ವಾಂಸ. ಅವರು ಬೆಳೆಸಿದ ಕೊನಾಡ್ರಿಯಾ ತಳಿ ಹೊರಬಂದದ್ದು 1956ರಲ್ಲಿ, ನಮ್ಮ ಹೈದರಾಬಾದ್ ರಾಜ್ಯ ಮೂರು ಹೋಳಾದ ವರ್ಷವೇ. ಹೊಂಬಣ್ಣದ ದೊಡ್ಡ ಹಣ್ಣಿನ ಡಯಾನಾ ಕೂಡ ಅಲ್ಲಿಯದೇ. ಕುಂಡದಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಚೀಟಿಯ ಮೇಲೆ ಬರೆದ ವಿದೇಶಿ ಹೆಸರು ನಿಜವೇ ಎಂದು ತಿಳಿಯಲು ಹಣ್ಣು ಬರುವವರೆಗೆ ಕಾಯಬೇಕು. ಎಲೆ ನೋಡಿ ಹೇಳುವುದು ಕಷ್ಟ, ಒಂದೇ ಗಿಡದಲ್ಲಿ ಮೂರು ಸೀಳಿನ ಎಲೆಯೂ ಐದು ಸೀಳಿನ ಎಲೆಯೂ ಇರುತ್ತವೆ. ಅದಕ್ಕೇ ನಾನು ಹಣ್ಣು ಬಿಟ್ಟ ತಾಯಿಮರವನ್ನು ಕಂಡು ಕಡ್ಡಿ ತರುವುದನ್ನೇ ಇಷ್ಟಪಡುತ್ತೇನೆ.

ಕೇಳಿದವರಿಗೆ ನಾನು ಹೇಳುವುದು ಇಷ್ಟು. ಅಂಗಳದಲ್ಲಿ ನೆಲವಿದ್ದರೆ ಬಳ್ಳಾರಿ. ಒಣ ಸೀಮೆಯ ಗಿಡ, ನೀರು ತಪ್ಪಿದರೂ ತಾಳುತ್ತದೆ. ಸಿಹಿಯೇ ಮುಖ್ಯವೆನ್ನುವವರಿಗೆ ಪುಣೆ, ಗಂಟೆಯಾಕಾರದ ಕಾಯಿ, ಒಳಗೆ ಗುಲಾಬಿ ಕೆಂಪು ತಿರುಳು. ದೌಲತಾಬಾದ್ ಸೀಮೆಯ ಗಿಡಗಳಿಂದ ಆರಿಸಿದ ದಿನಕರ ತಳಿ ಸಿಕ್ಕರೆ ಬಿಡಬೇಡಿ. ಮಾಳಿಗೆಯ ಮೇಲೆ ಒಂದೂವರೆ ಅಡಿಯ ಕುಂಡವಷ್ಟೇ ಸಾಧ್ಯವಾದವರಿಗೆ ಡಯಾನಾ, ಅದರ ಜೊತೆಗೆ ಒಂದು ಬಳ್ಳಾರಿ ಕಡ್ಡಿ.

ಇದಕ್ಕಿಂತ ಅವಸರದ ಕೆಲಸ ಮತ್ತೊಂದಿದೆ. ಹಳೆಯ ಶಹರಿನಲ್ಲಿ, ಬರ್ಕತ್‌ಪುರದಲ್ಲಿ, ಬಾಗ್ ಅಂಬರ್‌ಪೇಟೆಯಲ್ಲಿ ಒಂದೊಂದೇ ಹಳೆಯ ಮನೆ ಬಿಲ್ಡರುಗಳ ಕೈಗೆ ಹೋಗುತ್ತಿದೆ. ಬುಲ್ಡೋಜರಿನ ಮುಂದೆ ಮೊದಲು ಬೀಳುವುದು ಹಿತ್ತಲಿನ ಮರ. ಅಂಥ ಅಂಗಳದಲ್ಲಿ ಅಂಜೂರ ಕಂಡರೆ ಮನೆಯವರ ಅಪ್ಪಣೆ ಪಡೆದು ಜನವರಿಯಲ್ಲಿ ಕಡ್ಡಿ ಕೊಯ್ದುಕೊಳ್ಳಿ. ಯಾರು ಹಚ್ಚಿದ್ದು, ಎಲ್ಲಿಂದ ತಂದದ್ದು, ಹಣ್ಣಿನ ಬಣ್ಣ ಯಾವುದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಒಂದು ಕಡ್ಡಿ ನೀವಿಟ್ಟುಕೊಂಡು, ಇನ್ನೆರಡನ್ನು ಬೇರೆ ಬೇರೆ ಮನೆಗೆ ಕೊಡಿ. ಒಂದು ಕಡೆ ಒಣಗಿದರೆ ಇನ್ನೊಂದು ಕಡೆಯಿಂದ ಮತ್ತೆ ತರಬಹುದು.