ದಮ್ಮಡಿಯಿಂದ ದೇವಹಸ್ತದವರೆಗೆ: ಆದವಾನಿ ಸೀಮೆ ಮತ್ತು ಕ್ರೈಸ್ತ ಆರಾಧನೆಯಲ್ಲಿ ನೃತ್ಯ

ಇಂದು ಕರ್ನೂಲು ಜಿಲ್ಲೆಯ ಪಶ್ಚಿಮಕ್ಕಿರುವ ಆದವಾನಿ ಮತ್ತು ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆದುದರಿಂದ ಈ ಸೀಮೆಯ ಕ್ರೈಸ್ತ ಆರಾಧನೆಯ ಚರಿತ್ರೆಯನ್ನು ಬಳ್ಳಾರಿಯಿಂದಲೇ ಆರಂಭಿಸಬೇಕು. ಲಂಡನ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. 1831ರ ಹೊತ್ತಿಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು.

ಆ ಗ್ರಂಥ ಕುಣಿತಕ್ಕೆ ವಿಮುಖವಲ್ಲ. ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಸ್ತ್ರೀಯರೊಡನೆ ಕುಣಿದಳು. ದಾವೀದನು ಮಂಜೂಷದ ಮುಂದೆ ಕುಣಿದನು. ದಮ್ಮಡಿ ಈ ನೆಲಕ್ಕೆ ಪರಕೀಯ ವಾದ್ಯವೂ ಅಲ್ಲ. ಆದರೂ ಮಿಷನರಿ ಆರಾಧನೆ ವಾಚನ, ಪ್ರಸಂಗ, ಕೀರ್ತನೆಗಳಲ್ಲಿಯೇ ನಿಂತಿತು.

ಇದಕ್ಕೆ ಮಿಷನರಿಗಳ ಪ್ರಾಟೆಸ್ಟಂಟ್ ಸಂಸ್ಕಾರವೊಂದೇ ಕಾರಣವೆನ್ನಲಾಗದು. ಬಳ್ಳಾರಿ ಸೀಮೆಯಲ್ಲಿ ಬೇಡ, ಮಾದಿಗ ಮೊದಲಾದ ಸಮುದಾಯಗಳು ಹೆಣ್ಣುಮಕ್ಕಳನ್ನು ಬಸವಿ ಬಿಡುತ್ತಿದ್ದವು. ದೇವರ ಮುಂದಿನ ಹಾಡು, ಕುಣಿತಗಳು ಆ ಪದ್ಧತಿಯೊಡನೆ ಬೆಸೆದಿದ್ದವು. ರಾಯಲಸೀಮೆಯ ಕ್ರೈಸ್ತರಲ್ಲಿ ಮಾಲ, ಮಾದಿಗರೇ ಬಹುಸಂಖ್ಯಾತರು. ಹಲಗೆ ಬಡಿಯುವ ಬಿಟ್ಟಿ ಚಾಕರಿಯನ್ನೂ ಮಗಳನ್ನು ಬಸವಿ ಬಿಡುವ ಕಟ್ಟಳೆಯನ್ನೂ ಕಳಚಿಕೊಳ್ಳಬಯಸಿದವರಿಗೆ ಕುಣಿತವಿಲ್ಲದ ಆರಾಧನೆ ನಷ್ಟವಾಗಿ ಅಲ್ಲ, ಮಾನವಾಗಿಯೇ ಕಂಡಿರಬೇಕು. ದೇವರಿಗೆ ಬಿಡುವ ಪದ್ಧತಿಯನ್ನು ಮದರಾಸು ಪ್ರಾಂತ್ಯ ಶಾಸನದ ಮೂಲಕ ನಿಷೇಧಿಸಿದ್ದು 1947ರಲ್ಲಿ.

ನೃತ್ಯ ಮರಳಿ ಬಂದದ್ದು ಬೇರೊಂದು ಬಾಗಿಲಿನಿಂದ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸ್ಥಳೀಯ ಸಂಸ್ಕೃತಿಗಳಿಗೆ ಆರಾಧನೆಯಲ್ಲಿ ಅವಕಾಶ ನೀಡಿತು. 1969ರಲ್ಲಿ ಭಾರತಕ್ಕೆ ಸಮ್ಮತಿ ದೊರೆತ ಹನ್ನೆರಡು ಅಂಶಗಳಲ್ಲಿ ಆರತಿ, ದೀಪ, ಅಂಜಲಿಗಳಿದ್ದವು, ನೃತ್ಯವಿರಲಿಲ್ಲ. ಆದರೆ ಮಂಗಳೂರು ಸೀಮೆಯ ಫ್ರಾನ್ಸಿಸ್ ಬಾರ್ಬೋಜ ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಕಲಿತು, ಶಾಸ್ತ್ರಗ್ರಂಥಗಳಲ್ಲಿ ಇಲ್ಲದ ದೇವಹಸ್ತಗಳನ್ನು ಕಲ್ಪಿಸಿದರು. ತಂದೆಯಾದ ದೇವರು, ಪುನರುತ್ಥಾನಗೊಂಡ ಕ್ರಿಸ್ತ, ಮಾತೆ ಮರಿಯ, ಶಿಲುಬೆ ಇವುಗಳಿಗೆ ಒಂದೊಂದು ಮುದ್ರೆ ದೊರೆತು, ಬೈಬಲ್ ಕಥನವನ್ನು ಅಭಿನಯದಲ್ಲಿ ನಿರೂಪಿಸುವುದು ಸಾಧ್ಯವಾಯಿತು. ಅವರ ಸಂಶೋಧನೆ 1990ರಲ್ಲಿ ಗ್ರಂಥರೂಪ ಪಡೆಯಿತು.

ಇಲ್ಲೊಂದು ವೈರುಧ್ಯವಿದೆ. ಭರತನಾಟ್ಯವೂ ದೇವರಿಗೆ ಬಿಟ್ಟ ಸ್ತ್ರೀಯರಿಂದಲೇ ಬಂದ ಕಲೆ. 1930ರ ದಶಕದಲ್ಲಿ ಅದು ಮೇಲ್ಜಾತಿಗಳ ರಂಗಮಂಚವೇರಿ ಗೌರವ ಪಡೆಯಿತು. ಬಸವಿಯ ಕುಣಿತಕ್ಕೆ ಆ ಗೌರವ ದೊರೆಯಲಿಲ್ಲ. ಹೀಗಾಗಿ ಯಾವ ನೃತ್ಯ ಪವಿತ್ರವೆಂಬ ಪ್ರಶ್ನೆಯನ್ನು ಚಲನೆಯ ಲಕ್ಷಣದಿಂದಷ್ಟೇ ನಿರ್ಣಯಿಸಲಾಗದು. ಕುಣಿದವರು ಯಾರು, ಯಾರ ಆಜ್ಞೆಯಿಂದ ಎಂಬುದೂ ಅದರೊಳಗಿದೆ. ಆದವಾನಿಯ ಕನ್ನಡ, ತೆಲುಗು ಸಭೆಗಳು ಕೋಲಾಟಕ್ಕೂ ದಮ್ಮಡಿಗೂ ಆರಾಧನೆಯಲ್ಲಿ ಎಡೆ ಕೊಡುವುದಾದರೆ, ಆ ನಿರ್ಧಾರ ಒಂದು ಕಾಲಕ್ಕೆ ಅವನ್ನು ತೊರೆದವರ ಮಕ್ಕಳದೇ ಆಗಿರಬೇಕು.