ಮೃಗಾಲಯದ ಚರಿತ್ರೆಯೂ ನಮ್ಮ ನೆಲದ ಎರೆಭೂತವೂ

ಅರಸರಿಗೆ ಮೃಗಪಕ್ಷಿಗಳ ಮೇಲಿನ ಮೋಹವು ಬಹು ಪುರಾತನವಾದುದು. ಆನೆ ಕುದುರೆಗಳು ಸೈನ್ಯದ ಬಲವಾಗಿದ್ದುವು. ಹುಲಿ, ಚಿರತೆ, ಜಿಂಕೆ, ಗಿಡುಗಗಳು ಆಸ್ಥಾನದ ವೈಭವವಾಗಿದ್ದುವು. ಇದಕ್ಕೆ ಸಾಕ್ಷಿಯನ್ನು ಅರಸಿಕೊಂಡು ನಾವು ದೂರ ಹೋಗಬೇಕಾದುದಿಲ್ಲ. ಅಕ್ಕಲಕೋಟೆಯ ಈಶಾನ್ಯಕ್ಕಿರುವ ಕಲ್ಯಾಣದಿಂದ ನಮ್ಮ ಈ ಸೀಮೆಯನ್ನು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ರಾಜನ ವಿನೋದಗಳನ್ನು ಎಣಿಸುತ್ತ ಗಜ, ಅಶ್ವ, ಟಗರಿನ ಕಾಳಗ, ಕೋಳಿಯ ಕಾಳಗ, ಗಿಡುಗದ ಬೇಟೆ ಮೊದಲಾದುವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಪ್ರಾಣಿಗಳನ್ನು ಅವನು ಎಷ್ಟು ಸೂಕ್ಷ್ಮವಾಗಿ ಬಲ್ಲವನಾಗಿದ್ದನೋ ಅಷ್ಟೇ ಸ್ಪಷ್ಟವಾಗಿ ಅವುಗಳನ್ನು ವಿನೋದದ ಸಾಮಗ್ರಿಯೆಂದೂ ಬಗೆದಿದ್ದನು.

ಅದೇ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ರಾಘವಾಂಕನು ಆ ಮಹಿಮರ ಚರಿತೆಯನ್ನು ಕಾವ್ಯವಾಗಿ ಹಾಡಿದ್ದಾನೆ. ಕೆರೆಯ ನೀರು ಮನುಷ್ಯನಿಗೂ ದನಕರುವಿಗೂ ಹಕ್ಕಿಗೂ ಸಮನಾಗಿ ಸಲ್ಲುವಂಥದು. ಹೀಗೆ ಪ್ರಾಣಿಯನ್ನು ಕಾಣುವ ಎರಡು ದೃಷ್ಟಿಗಳು, ವಿನೋದದ ದೃಷ್ಟಿ ಮತ್ತು ದಯೆಯ ದೃಷ್ಟಿ, ನಮ್ಮ ನೆಲದಲ್ಲಿ ಒಂದೇ ಕಾಲಕ್ಕೆ ಕಾಣಿಸಿಕೊಂಡುವು. ಮೃಗಾಲಯಗಳ ಚರಿತ್ರೆಯೆಂದರೆ ಮೊದಲನೆಯದರಿಂದ ಎರಡನೆಯದರ ಕಡೆಗೆ ಮಾನವನು ಮೆಲ್ಲಮೆಲ್ಲನೆ ನಡೆದುಬಂದ ಕಥೆಯೆಂದು ನಾವು ಭಾವಿಸುತ್ತೇವೆ.

ಇಂದಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಅತ್ಯಂತ ಹಳೆಯದು ವಿಯೆನ್ನಾ ನಗರದ ಅರಮನೆಯ ತೋಟದಲ್ಲಿ 1752ರಲ್ಲಿ ಏರ್ಪಟ್ಟುದು. 1828ರಲ್ಲಿ ಲಂಡನ್ನಿನಲ್ಲಿ ತೆರೆದ ಮೃಗಾಲಯವು ಪ್ರಾಣಿಶಾಸ್ತ್ರದ ಅಧ್ಯಯನವನ್ನೇ ಮುಖ್ಯ ಉದ್ದೇಶವಾಗಿ ಇಟ್ಟುಕೊಂಡಿತು. ನಮ್ಮ ದೇಶದಲ್ಲಿ ಕಲಕತ್ತೆಯ ಆಲಿಪುರದ ಮೃಗಾಲಯವು 1876ರಲ್ಲಿ ಆರಂಭವಾಯಿತು. ನಮ್ಮ ಜನರು ಮುಂಬಯಿಗೆ ಹೋದಾಗ ತಪ್ಪದೆ ನೋಡಿಬರುವ ರಾಣೀಬಾಗವು 1862ರಲ್ಲಿ ತೆರೆದ ಉದ್ಯಾನ.

ಕನ್ನಡ ನಾಡಿನ ಹೆಮ್ಮೆಯಾದ ಮೈಸೂರಿನ ಮೃಗಾಲಯವು 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಂದ ಸ್ಥಾಪಿತವಾಯಿತು. ಬೇಸಗೆಯ ಅರಮನೆಯ ಆವರಣದಲ್ಲಿ ಸುಮಾರು 10 ಎಕರೆಗಳಷ್ಟು ನೆಲದಲ್ಲಿ ಆರಂಭವಾದ ಅದಕ್ಕೆ ಆಗ ಅರಮನೆಯ ಮೃಗಾಲಯವೆಂದೇ ಹೆಸರು. ಮಹಾರಾಜರು 1894ರಲ್ಲಿ ಅಕಾಲದಲ್ಲಿ ತೀರಿಕೊಂಡರು. 1909ರಲ್ಲಿ ಸಂಸ್ಥೆಗೆ ಅವರ ಹೆಸರೇ ಬಂದಿತು. ಎ. ಸಿ. ಹ್ಯೂಸ್ ಎಂಬವರು ಅದರ ಮೊದಲ ಮೇಲ್ವಿಚಾರಕರಾಗಿ 1924ರವರೆಗೆ ದುಡಿದು ಅದನ್ನು ವಿಸ್ತರಿಸಿದರು. ಜರ್ಮನಿಯಿಂದ ಬಂದು ಮೈಸೂರು ಸಂಸ್ಥಾನದ ಸೇವೆಯಲ್ಲಿ ನೆಲೆನಿಂತ ಉದ್ಯಾನಶಾಸ್ತ್ರಜ್ಞ ಕ್ರುಂಬಿಗಲ್ ಅವರು ಅದರ ತೋಟಗಳ ರೂಪವನ್ನು ತಿದ್ದಿದರು. ಪ್ರಾಣಿಗಳನ್ನು ಇಕ್ಕಟ್ಟಾದ ಪಂಜರದಲ್ಲಿ ಕೂಡಿಹಾಕದೆ, ಕಂದಕಗಳಿಂದ ಸುತ್ತುವರಿದ ವಿಶಾಲವಾದ ಬಯಲುಗಳಲ್ಲಿ ಬಿಡುವ ಪದ್ಧತಿಯು ಅಲ್ಲಿಯ ವೈಶಿಷ್ಟ್ಯ.

ಸ್ವಾತಂತ್ರ್ಯಾನಂತರ 1948ರಲ್ಲಿ ಅರಮನೆಯ ಸೊತ್ತು ಪ್ರಜೆಗಳ ಸೊತ್ತಾಗಿ, ಮೃಗಾಲಯವು ಮೈಸೂರು ಸರಕಾರದ ಉದ್ಯಾನ ಇಲಾಖೆಗೆ ಸೇರಿತು; 1972ರಲ್ಲಿ ಅರಣ್ಯ ಇಲಾಖೆಗೂ, 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೂ ಒಪ್ಪಿಸಲ್ಪಟ್ಟಿತು. ನೆರೆಯ ಕಾರಂಜಿ ಕೆರೆಯೂ ಅದರ ಆಡಳಿತಕ್ಕೆ ಸೇರಿ ಹಕ್ಕಿಗಳ ಬೀಡಾಗಿದೆ. ಆನೆ, ಹುಲಿ, ಕಾಡುಕೋಣಗಳ ಜೊತೆಗೆ ಆಫ್ರಿಕದ ಜಿರಾಫೆ, ಜೀಬ್ರಾಗಳನ್ನೂ ಅಲ್ಲಿ ನೋಡಬಹುದು. ಜಿರಾಫೆಗಳು ಅಲ್ಲಿಯೇ ಮರಿಹಾಕಿ ಬೆಳೆದಿವೆ.

ಆದರೂ ಸೆರೆಯು ಸೆರೆಯೇ. ‘ಪೋಲೊ’ ಎಂಬ ಗೊರಿಲ್ಲವು ತನ್ನ ಜಾತಿಯ ಸಂಗಾತಿಯಿಲ್ಲದೆ ಅಲ್ಲಿ ಬಹುಕಾಲ ಒಂಟಿಯಾಗಿ ಬಾಳಿ 2014ರಲ್ಲಿ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ಗೊರಿಲ್ಲಗಳನ್ನು ತರಿಸಿದಾಗ ಒಂದನ್ನೇ ತರಿಸದೆ ಎರಡನ್ನು ತರಿಸಿದರು. ಕಾನೂನಿನಲ್ಲಿಯೂ ಇಂಥದೇ ಬದಲಾವಣೆಯಾಗಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ಏರ್ಪಟ್ಟಿತು. 1998ರಲ್ಲಿ ಸರ್ಕಸ್ಸುಗಳಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಆಡಿಸುವುದಕ್ಕೆ ನಿಷೇಧವಾಯಿತು. ಸೋಮೇಶ್ವರನ ಕಾಲದ ವಿನೋದವು ಹೀಗೆ ನಮ್ಮ ಕಾಲಕ್ಕೆ ಅಪರಾಧವಾಗಿ ಪರಿಣಮಿಸಿದೆ.

ಈಗ ನಮ್ಮ ಜಿಲ್ಲೆಯ ಕಡೆಗೆ ತಿರುಗೋಣ. ಸೊಲ್ಲಾಪುರದಲ್ಲಿಯೂ ಮಹಾನಗರಪಾಲಿಕೆಯು ಮಹಾತ್ಮಾ ಗಾಂಧಿಯವರ ಹೆಸರಿನಲ್ಲಿ ಒಂದು ಚಿಕ್ಕ ಪ್ರಾಣಿಸಂಗ್ರಹಾಲಯವನ್ನು ಏರ್ಪಡಿಸಿತು. ಆದರೆ ಪ್ರಾಣಿಗಳ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ಸ್ಥಾನ ದೊರೆತುದು ಗೋಡೆಯಿಲ್ಲದ, ಪಂಜರವಿಲ್ಲದ ಇನ್ನೊಂದು ಸ್ಥಳದಿಂದ. ಬಾರ್ಶಿಯ ದಾರಿಯಲ್ಲಿ, ಪಟ್ಟಣದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿರುವ ನಾನ್ನಜದ ಹುಲ್ಲುಮಡ್ಡಿಯೇ ಆ ಸ್ಥಳ. ಅಲ್ಲಿ ಚಿಗರಿಗಳ ಹಿಂಡುಗಳಿವೆ, ತೋಳಗಳಿವೆ. ಅಲ್ಲಿಯ ಮುಖ್ಯ ನಿವಾಸಿಯಾದ ಹಕ್ಕಿಗೆ ಮರಾಠಿಯಲ್ಲಿ ಮಾಳಢೋಕವೆಂದೂ ಕನ್ನಡದಲ್ಲಿ ಎರೆಭೂತವೆಂದೂ ಹೆಸರು. ಮಾಳವೆಂಬ ಶಬ್ದವು ಎರಡು ಭಾಷೆಗಳಿಗೂ ಸೇರಿದುದು. ಎರೆಯೆಂದರೆ ನಮ್ಮ ಕರಿಯ ಮಣ್ಣು. ಬಯಲಿನ ನಡುವೆ ಇದ್ದಕ್ಕಿದ್ದಂತೆ ಎದ್ದುನಿಲ್ಲುವ ಈ ಭಾರಿ ಹಕ್ಕಿಯನ್ನು ಕಂಡು ಬೆರಗಾದ ಒಕ್ಕಲಿಗನೇ ಅದನ್ನು ಭೂತವೆಂದು ಕರೆದಿರಬೇಕೆಂದು ನಮ್ಮ ಊಹೆ.

ಇದು ಸುಮಾರು ಒಂದು ಮೀಟರು ಎತ್ತರದ ಹಕ್ಕಿ. ಗಂಡುಹಕ್ಕಿಯ ತೂಕವು 15 ಕಿಲೋಗ್ರಾಮಿನವರೆಗೆ ಇರಬಹುದು. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರವಾದುವು ವಿರಳ. ಮಿಡತೆ, ಹುಳು, ಓತಿಕೇತ, ಕಾಳು, ಬಾರೀಹಣ್ಣುಗಳು ಇದರ ಆಹಾರ. ಗೂಡು ಕಟ್ಟುವುದಿಲ್ಲ, ಬಯಲು ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನಿಡುತ್ತದೆ. ನಾಯಿಯೋ ನೇಗಿಲೋ ಆ ಮೊಟ್ಟೆಯನ್ನು ಮುಟ್ಟಿತೆಂದರೆ ಆ ಸಲದ ಸಂತತಿಯೇ ಹೋಯಿತು. ಪಕ್ಷಿಶಾಸ್ತ್ರಜ್ಞ ಸಾಲೀಮ್ ಅಲಿಯವರು ಇದೇ ನಮ್ಮ ರಾಷ್ಟ್ರಪಕ್ಷಿಯಾಗಬೇಕೆಂದು ವಾದಿಸಿದ್ದರು. 1963ರಲ್ಲಿ ಆ ಗೌರವವು ನವಿಲಿಗೆ ಸಂದಿತು.

1979ರಲ್ಲಿ ಮಹಾರಾಷ್ಟ್ರ ಸರಕಾರವು ಸೊಲ್ಲಾಪುರ ಮತ್ತು ಅಂದಿನ ಅಹಮದನಗರ ಜಿಲ್ಲೆಗಳಲ್ಲಿ 8,496 ಚದರ ಕಿಲೋಮೀಟರುಗಳಷ್ಟು ಪ್ರದೇಶವನ್ನು ಈ ಹಕ್ಕಿಯ ಅಭಯಾರಣ್ಯವೆಂದು ಘೋಷಿಸಿತು. ಅದರಲ್ಲಿ ಪಟ್ಟಣಗಳೂ ಹಳ್ಳಿಗಳೂ ರೈತರ ಹೊಲಗಳೂ ಸೇರಿದ್ದುವು. ಹೊಲಮನೆಯ ಪ್ರತಿಯೊಂದು ವ್ಯವಹಾರಕ್ಕೂ ಅಭಯಾರಣ್ಯದ ನಿಯಮವು ಅಡ್ಡಬರಲು, ಯಾವ ರೈತನ ನೆಲದಲ್ಲಿ ಹಕ್ಕಿಯು ಬಾಳಬೇಕಾಗಿದ್ದಿತೋ ಆ ರೈತನಿಗೇ ಅದು ಬೇಡವಾಯಿತು. ಕೊನೆಗೆ ಅಭಯಾರಣ್ಯವನ್ನು ಸುಮಾರು 1,222 ಚದರ ಕಿಲೋಮೀಟರುಗಳಿಗೆ ಇಳಿಸಬೇಕಾಯಿತು. ಈ ನಡುವೆ ಭೀಮಾ ನದಿಯ ಉಜನಿ ಅಣೆಕಟ್ಟಿನ ನೀರು ಬಂದು ಕಬ್ಬು ಹಬ್ಬಿತು. ಅದರಿಂದ ಅನೇಕರ ಮನೆಯಲ್ಲಿ ಒಲೆ ಉರಿಯುತ್ತದೆಂಬುದನ್ನು ನಾವು ಬಲ್ಲೆವು. ಆದರೆ ಹುಲ್ಲುಮಡ್ಡಿಯನ್ನು ನಿರುಪಯುಕ್ತ ಪಾಳುಭೂಮಿಯೆಂದು ಎಣಿಸಿ ಉತ್ತು ಕಟ್ಟಿ ಮುಗಿಸಿದುದರಿಂದ ಹಕ್ಕಿಗೆ ನೆಲೆಯಿಲ್ಲವಾಯಿತು. ಅದರ ಕಣ್ಣು ಇಕ್ಕೆಲಗಳನ್ನು ಚೆನ್ನಾಗಿ ಕಾಣುವುದೇ ಹೊರತು ನೇರ ಮುಂದಿನದನ್ನು ಅಷ್ಟಾಗಿ ಕಾಣದು. ಆದುದರಿಂದ ಹಾರುವಾಗ ವಿದ್ಯುತ್ತಿನ ತಂತಿಗೆ ತಗಲಿ ಸಾಯುತ್ತದೆ. ಇಂದು ನಾನ್ನಜದಲ್ಲಿ ಅದರ ದರ್ಶನವೇ ದುರ್ಲಭ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡುಬಂದಿವೆ. ದೇಶದಲ್ಲಿ ಉಳಿದವುಗಳಲ್ಲಿ ಬಹುಭಾಗವು ರಾಜಸ್ಥಾನದ ಮರುಭೂಮಿಯಲ್ಲಿವೆ.

ಮೃಗಾಲಯದ ವಿದ್ಯೆಯು ಈ ಹಕ್ಕಿಗೆ ನೆರವಾಗುವುದು ಇಲ್ಲಿಯೇ. 2019ರಲ್ಲಿ ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ ಎರೆಭೂತದ ಸಂತಾನವೃದ್ಧಿ ಕೇಂದ್ರವೊಂದನ್ನು ಆರಂಭಿಸಿದರು. ಬಯಲಿನಲ್ಲಿ ದೊರೆತ ಮೊಟ್ಟೆಗಳನ್ನು ತಂದು, ಯಂತ್ರದಲ್ಲಿ ಕಾವುಕೊಟ್ಟು, ಮರಿಗಳನ್ನು ಕೈಯಾರೆ ಸಾಕಿ ಬೆಳೆಸುತ್ತಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಇದು ವಿಜ್ಞಾನದ ದೊಡ್ಡ ವಿಜಯ. ಆದರೆ ಹೀಗೆ ಹುಟ್ಟಿದ ಮರಿಗಳು ಬೆಳೆದ ಮೇಲೆ ಎಲ್ಲಿಗೆ ಹೋಗಬೇಕು? ಮರಳಿ ಬಿಡುವುದಕ್ಕೆ ಹುಲ್ಲಿನ ಮಡ್ಡಿಯೇ ಇಲ್ಲದಿದ್ದರೆ ಆ ಹಕ್ಕಿಯ ಕುಲವು ಪಂಜರದಲ್ಲಿಯೇ ಮುಗಿಯಬೇಕು.

ಶಾಲೆಯಲ್ಲಿ ಮಕ್ಕಳನ್ನು ಕೇಳಿದರೆ ಜಿರಾಫೆಯನ್ನು ತಟ್ಟನೆ ಹೆಸರಿಸುತ್ತಾರೆ. ಎರೆಭೂತವೆಂದರೆ ಮುಖಮುಖ ನೋಡುತ್ತಾರೆ. ಅದು ಅವರ ತಪ್ಪಲ್ಲ. ಹಕ್ಕಿಯು ಹೊಲದಿಂದ ಮರೆಯಾದಂತೆ ಅದರ ಹೆಸರು ಮನೆಯ ಮಾತಿನಿಂದ ಮರೆಯಾಗುತ್ತದೆ. ನಿಘಂಟಿನಲ್ಲಿ ಮಾತ್ರ ಉಳಿದ ಶಬ್ದಕ್ಕೂ ಪಂಜರದಲ್ಲಿ ಮಾತ್ರ ಉಳಿದ ಪ್ರಾಣಿಗೂ ಹೆಚ್ಚಿನ ಅಂತರವಿಲ್ಲ. ಎರಡೂ ಬದುಕುವುದಕ್ಕೆ ಬಯಲು ಬೇಕು, ಬಳಕೆ ಬೇಕು. ಗಡಿಯಲ್ಲಿ ನಿಂತು ನುಡಿಯನ್ನು ಕಾಪಾಡುತ್ತಿರುವ ನಮಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದುದರಿಂದ ನಮ್ಮ ಕನ್ನಡ ಬಂಧುಗಳಲ್ಲಿ ಒಂದು ವಿನಂತಿ. ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಚಾಮರಾಜೇಂದ್ರ ಮೃಗಾಲಯವನ್ನು ಅವಶ್ಯವಾಗಿ ತೋರಿಸಿರಿ. ಆದರೆ ಅದಕ್ಕೂ ಮೊದಲು ಒಂದು ದಿನ ರೊಟ್ಟಿಯ ಬುತ್ತಿ ಕಟ್ಟಿಕೊಂಡು ನಾನ್ನಜದ ಮಡ್ಡಿಗೆ ಹೋಗಿರಿ. ಎರೆಭೂತವು ಕಾಣದಿದ್ದರೂ ಚಿಗರಿಗಳು ಕಂಡಾವು. ಮನೆಯ ಹಿರಿಯರಿಗೆ ಆ ಹಕ್ಕಿಯ ನೆನಪಿದ್ದರೆ ಮೊಮ್ಮಕ್ಕಳಿಗೆ ಹೇಳಲಿ. ಹೊಲದ ಅಂಚಿನಲ್ಲಿ ಹುಲ್ಲಿನ ತುಂಡು ಉಳಿದಿದ್ದವರು ಅದನ್ನು ಪಾಳೆಂದು ಹಳಿಯದೆ ಉಳಿಸಲಿ.